ಡೆಟ್ರಾಯ್ಟ್‌ನಲ್ಲಿ ಎರಡು ಸೆಕೆಂಡಿನ ಗಿಟಾರ್!

ಡೆಟ್ರಾಯ್ಟ್ ಅಂದರೆ ಕಾರು. ಹಾಗಂತ ನಾನೂ ನಂಬಿದ್ದೆ. ತಂಗಿಯ ಮಗ ಅಲ್ಲಿ ಕಾರ್ ಕಂಪನಿಯಲ್ಲಿ ಇಂಜಿನಿಯರು. "ಬನ್ನಿ ಮಾವ, ಕಾರ್ ಮ್ಯೂಸಿಯಂ ತೋರಿಸ್ತೀನಿ" ಅಂತ ಕರೆಸಿಕೊಂಡ. ಆದರೆ ಓದುಗರೇ, ನಾನು ನೋಡಿ ಬಂದದ್ದು ಕಾರನ್ನಲ್ಲ, ಒಂದು ಬೀದಿಯನ್ನು!

ಬೀದಿಯ ಹೆಸರು ಗ್ರ್ಯಾಂಡ್ ಬುಲೆವಾರ್ಡ್. ವುಡ್‌ವರ್ಡ್ ಅವೆನ್ಯೂ ಅದನ್ನು ಪೂರ್ವ, ಪಶ್ಚಿಮ ಅಂತ ಎರಡು ಭಾಗ ಮಾಡುತ್ತದೆ. ಪಶ್ಚಿಮದಲ್ಲಿ 2648ನೇ ನಂಬರಿನ ಮನೆ ಮೋಟೌನ್ ರೆಕಾರ್ಡ್ ಕಂಪನಿಯ ತವರು. 1959ರಲ್ಲಿ ಬೆರಿ ಗಾರ್ಡಿ ಮನೆಯವರಿಂದ 800 ಡಾಲರ್ ಸಾಲ ತೆಗೆದುಕೊಂಡು ಶುರುಮಾಡಿದ ಕಂಪನಿ ಅದು. ಸ್ಟೀವಿ ವಂಡರ್, ಡಯಾನಾ ರಾಸ್ ಎಲ್ಲ ಬೆಳಕಿಗೆ ಬಂದದ್ದು ಅಲ್ಲಿಂದಲೇ. 1972ರಲ್ಲಿ ಕಂಪನಿ ಗಂಟುಮೂಟೆ ಕಟ್ಟಿ ಲಾಸ್ ಏಂಜಲೀಸ್ ಸೇರಿತು. ಮದ್ರಾಸು ಬಿಟ್ಟು ಊರಿಗೆ ಬಂದ ನಮ್ಮ ಚಿತ್ರರಂಗದ ಕಥೆಗೆ ಪೂರಾ ಉಲ್ಟಾ! ಈಗ ಮನೆ ಮ್ಯೂಸಿಯಂ. ಮುಂದೆ ನಿಂತು ಫೋಟೋ ತೆಗೆಸಿಕೊಂಡದ್ದಾಯಿತು.

"ಇನ್ನೊಂದು ಮನೆ ಇದೆ ಮಾವ, ಇದೇ ಬೀದಿಯ ಆ ತುದಿಗೆ. ರೀಮಿಕ್ಸ್ ಮಾಡೋರದ್ದು" ಅಂದ ಅಳಿಯ.

ನನ್ನ ಮೈ ಉರಿಯಿತು. ಕಾರಣ ಇದೆ.

ಚಾಮರಾಜಪೇಟೆಯ ನನ್ನ ಗೆಳೆಯನೊಬ್ಬ ಮದ್ರಾಸಿನ ಸ್ಟುಡಿಯೋಗಳಲ್ಲಿ ಗಿಟಾರ್ ನುಡಿಸುತ್ತಿದ್ದ. ಕಾಲ್‌ಶೀಟಿಗೆ ಇಷ್ಟು ಅಂತ ದುಡ್ಡು, ಅಲ್ಲಿಗೆ ಲೆಕ್ಕ ಚುಕ್ತಾ. ಟೈಟಲ್ ಕಾರ್ಡಿನಲ್ಲಿ ಹೆಸರಿಲ್ಲ. ಮೊನ್ನೆ ಮೊನ್ನೆ ಒಂದು ಮದುವೆಮನೆಯಲ್ಲಿ ಡಿ.ಜೆ. ಹಾಕಿದ ರೀಮಿಕ್ಸಿನಲ್ಲಿ ಅವನದೇ ಗಿಟಾರ್ ತುಣುಕು ಮತ್ತೆ ಮತ್ತೆ ಬಂತು. ಎಲೆಯ ಮುಂದೆ ಕೂತಿದ್ದವನು "ಇದು ನಂದು ಕಣಯ್ಯಾ!" ಅಂತ ಕೂಗಿದ. ಬಡಿಸುವವನು ಹೋಳಿಗೆಯ ಮಾತು ಅಂದುಕೊಂಡು ಇನ್ನೊಂದು ಹಾಕಿ ಹೋದ!

ನಕ್ಕುಬಿಟ್ಟೆವು. ಆದರೆ ಅವನು ಆ ಹೋಳಿಗೆ ಮುಟ್ಟಲಿಲ್ಲ.

ಈ ಕಥೆ ಹೇಳಿದ್ದಕ್ಕೆ ಅಳಿಯ ಕಾರನ್ನು ಪಕ್ಕಕ್ಕೆ ನಿಲ್ಲಿಸಿದ. "ಮೊದಲು ಇದು ಕೇಳಿ. ಆಮೇಲೆ ಬೈಯೋರಂತೆ" ಅಂತ ಒಂದು ಹಾಡು ಹಾಕಿದ. ಹಾಡೆಂದರೆ ಹಾಡಲ್ಲ, ಸುಮಾರು ಹತ್ತು ನಿಮಿಷ ಗಿಟಾರ್ ಅಳು! 'ಫಂಕಡೆಲಿಕ್' ತಂಡದ 'ಮ್ಯಾಗಟ್ ಬ್ರೇನ್', 1971ರದು. ನುಡಿಸಿದವರು ಎಡ್ಡಿ ಹೇಜಲ್. ಆಗ ಅವರಿಗೆ ಇಪ್ಪತ್ತರ ಆಸುಪಾಸು.

ತಂಡದ ಯಜಮಾನ ಜಾರ್ಜ್ ಕ್ಲಿಂಟನ್. ನ್ಯೂಜೆರ್ಸಿಯಲ್ಲಿ ಕ್ಷೌರದಂಗಡಿ ನಡೆಸುತ್ತಲೇ ಹಾಡಿನ ತಂಡ ಕಟ್ಟಿದವರು. ಡೆಟ್ರಾಯ್ಟ್‌ನಲ್ಲಿ ಅರ್ಮೆನ್ ಬೊಲಾಡಿಯನ್ ನಡೆಸುತ್ತಿದ್ದ ವೆಸ್ಟ್‌ಬೌಂಡ್ ಎಂಬ ಸಣ್ಣ ಸ್ವತಂತ್ರ ಕಂಪನಿ ಅವರ ರೆಕಾರ್ಡ್ ತಂದಿತು. ಅವರದು ಫಂಕ್ ಸಂಗೀತ. ತಾಳದ ಮೊದಲ ಪೆಟ್ಟಿಗೆ ಒತ್ತು, ಬಾಸ್ ಗಿಟಾರೇ ಹೀರೋ, ಕೇಳುವವನ ಕಾಲು ತಾನಾಗಿ ಕುಣಿಯಬೇಕು!

ಆದರೆ ಈ 'ಮ್ಯಾಗಟ್ ಬ್ರೇನ್' ಕುಣಿಸೋದಲ್ಲ. "ನಿನ್ನ ತಾಯಿ ತೀರಿಹೋದಳು ಅನ್ನೋ ಸುದ್ದಿ ಬಂದಿದೆ ಅಂದುಕೊಂಡು ನುಡಿಸು" ಅಂತ ಕ್ಲಿಂಟನ್ ಹೇಳಿದರಂತೆ. ಹೇಜಲ್ ನುಡಿಸಿದರು. ಅಬ್ಬಾ! ಅದಕ್ಕಿಂತ ಹೆಚ್ಚಿನದು ಆಮೇಲೆ ಆಯಿತು. ಜೊತೆಯಲ್ಲಿ ನುಡಿಸಿದ್ದ ಉಳಿದವರ ವಾದ್ಯಗಳನ್ನು ಕ್ಲಿಂಟನ್ ಮಿಕ್ಸಿಂಗ್ ಹೊತ್ತಿನಲ್ಲಿ ಹೆಚ್ಚೂಕಡಿಮೆ ಅಳಿಸಿಹಾಕಿ, ಗಿಟಾರನ್ನು ಪ್ರತಿಧ್ವನಿಯಲ್ಲಿ ಒಂಟಿಯಾಗಿ ನಿಲ್ಲಿಸಿದರು.

"ಗೊತ್ತಾಯ್ತಾ ಮಾವ? ಮೂಲ ಮೂಲ ಅಂತೀರಲ್ಲ, ಆ ಮೂಲವೂ ಮಿಕ್ಸಿಂಗ್ ಮೇಜಿನ ಮೇಲೇ ಹುಟ್ಟಿದ್ದು."

ನಾನು ಬಾಯಿ ಮುಚ್ಚಿಕೊಂಡೆ.

ಪೂರ್ವದ 3000ನೇ ನಂಬರಿಗೆ ಬಂದೆವು. ಮೊದಲೇ ಹೇಳಿ ಸಮಯ ಗೊತ್ತುಮಾಡಿಕೊಂಡು ಹೋಗಬೇಕು. 'ಅಂಡರ್‌ಗ್ರೌಂಡ್ ರೆಸಿಸ್ಟೆನ್ಸ್' ಎಂಬ ಟೆಕ್ನೋ ಸಂಗೀತಗಾರರ ಬಳಗದ ಮನೆ ಅದು. ಒಳಗೆ ಸಣ್ಣ ಮ್ಯೂಸಿಯಂ: ಹಳೆಯ ಡ್ರಮ್ ಮೆಷಿನ್, ಸಿಂಥಸೈಸರ್, ರೆಕಾರ್ಡುಗಳು. ಕಾರ್ ಕಾರ್ಖಾನೆಗಳು ಮುಚ್ಚಿ ಜನ ಊರು ಬಿಡುತ್ತಿದ್ದ ಕಾಲದಲ್ಲಿ, 1980ರ ದಶಕದಲ್ಲಿ, ಇಲ್ಲಿನ ಕರಿಯ ಹುಡುಗರು ಯಂತ್ರಗಳಿಂದಲೇ ಹೊಸ ಕುಣಿತ ಹುಟ್ಟಿಸಿದರು. ಅದೇ ಟೆಕ್ನೋ. ರೇಡಿಯೋದಲ್ಲಿ ಫಂಕಡೆಲಿಕ್ ಕೇಳಿಕೊಂಡೇ ಬೆಳೆದ ತಲೆಮಾರು.

2017ರಲ್ಲಿ ವೆಸ್ಟ್‌ಬೌಂಡ್ ಈ ಊರಿನವರನ್ನೇ ಕರೆದು ಫಂಕಡೆಲಿಕ್ ಹಾಡುಗಳನ್ನು ಕೈಗಿತ್ತಿತು. 'ರೀವರ್ಕ್ಡ್ ಬೈ ಡೆಟ್ರಾಯ್ಟರ್ಸ್' ಅಂತ ಆಲ್ಬಂ ಬಂತು. ಅಂಡರ್‌ಗ್ರೌಂಡ್ ರೆಸಿಸ್ಟೆನ್ಸ್ ಇದ್ದಾರೆ, ಮೂಡಿಮ್ಯಾನ್ ಇದ್ದಾರೆ, ಕ್ಲಿಂಟನ್ ಬಳಗದಲ್ಲೇ ಕೀಬೋರ್ಡ್ ನುಡಿಸಿದ್ದ ಆ್ಯಂಪ್ ಫಿಡ್ಲರ್ ಇದ್ದಾರೆ. ಫಿಡ್ಲರ್ 2023ರಲ್ಲಿ ತೀರಿಕೊಂಡರು.

ಮೂಡಿಮ್ಯಾನ್ ಕೈಯಲ್ಲಿ ಬದಲಾದ 'ಕಾಸ್ಮಿಕ್ ಸ್ಲಾಪ್' ಕೇಳಿದೆ. 1973ರ ಹಾಡು; ಮಕ್ಕಳ ಹೊಟ್ಟೆಗಾಗಿ ಮೈ ಮಾರಿಕೊಳ್ಳುವ ತಾಯಿಯ ಕಥೆ. ಬೀಟು ಹೊಸದು. ದುಃಖ ಹಳೆಯದೇ. ಅದನ್ನು ಯಾರೂ ಡಬ್ಬ ಬಡಿದು ಕೊಂದಿರಲಿಲ್ಲ.

ಇದೇ ಕಂಪನಿಯ ಇನ್ನೊಂದು ಮುಖವನ್ನೂ ಹೇಳಬೇಕು. ನಮ್ಮ ಚಿತ್ರರಸಿಕರಿಗೆ ಬೇಕಾದ ವಿಷಯ. 1998ರ 'ಐ ಗಾಟ್ ದ ಹುಕ್ ಅಪ್' ಚಿತ್ರದ ಒಂದು ಹಾಡಿನಲ್ಲಿ ಫಂಕಡೆಲಿಕ್ ಗಿಟಾರಿನ ಎರಡು ಸೆಕೆಂಡಿನ ತುಣುಕಿತ್ತು. ಶ್ರುತಿ ಇಳಿಸಿ, ಸುತ್ತಿ ಸುತ್ತಿ ಬಳಸಿದ್ದರು. ವೆಸ್ಟ್‌ಬೌಂಡ್ ಕೋರ್ಟಿಗೆ ಹೋಯಿತು. 2005ರಲ್ಲಿ ಮೇಲ್ಮನವಿ ನ್ಯಾಯಾಲಯದ ಮಾತು ಖಡಕ್ಕಾಗಿತ್ತು: ರೆಕಾರ್ಡಿನಿಂದ ಎತ್ತಿದ್ದು ಎಷ್ಟು ಚಿಕ್ಕದಾದರೂ ಅನುಮತಿ ಬೇಕು! 2016ರಲ್ಲಿ ಅಮೆರಿಕದ್ದೇ ಇನ್ನೊಂದು ಮೇಲ್ಮನವಿ ನ್ಯಾಯಾಲಯ ಇದನ್ನು ಒಪ್ಪಲಿಲ್ಲ, ಅದು ಬೇರೆ ಮಾತು.

ಬೆಂಗಳೂರಿಗೆ ಬಂದವನೇ ಗೆಳೆಯನಿಗೆ ಎಲ್ಲ ವರದಿ ಒಪ್ಪಿಸಿದೆ. ಅವನು ಸುಮ್ಮನೆ ಕೇಳಿ, ಕೊನೆಗೆ ಒಂದೇ ಪ್ರಶ್ನೆ ಹಾಕಿದ:

"ಕೋರ್ಟಿಗೆ ಹೋದದ್ದು ಕಂಪನಿ. ಆ ಎರಡು ಸೆಕೆಂಡು ನುಡಿಸಿದವನಿಗೆ ಏನು ಸಿಕ್ತಯ್ಯಾ?"

ನಾನು ಏನು ಹೇಳಲಿ? ಕ್ಲಿಂಟನ್‌ಗೂ ಬೊಲಾಡಿಯನ್‌ಗೂ ಹಾಡಿನ ಹಕ್ಕಿನ ಮೇಲೇ ವರ್ಷಾನುಗಟ್ಟಲೆ ಕೋರ್ಟ್ ಜಗಳ. ಎಡ್ಡಿ ಹೇಜಲ್ 1992ರಲ್ಲಿ, 42ನೇ ವಯಸ್ಸಿಗೇ ಹೋಗಿಬಿಟ್ಟರು. ಆದರೂ ಅವರ ಹೆಸರು ಜಗತ್ತಿಗೆ ಗೊತ್ತು. ನನ್ನ ಗೆಳೆಯನದು?

ನೋಟ್‌ಬುಕ್ ತೆಗೆದೆ. "ಯಾವ ಚಿತ್ರ, ಯಾವ ಇಸವಿ, ಯಾವ ಸ್ಟುಡಿಯೋ, ಹೇಳು" ಅಂದೆ. ಅವನು ಗಿಟಾರ್ ಇಳಿಸಿ, ಧೂಳು ಒರೆಸಿ, ಒಂದೊಂದೇ ತುಣುಕು ನುಡಿಸುತ್ತಾ ಹೇಳತೊಡಗಿದ. ಮೂರು ಪುಟ ತುಂಬಿದೆ, ಪಟ್ಟಿ ಇನ್ನೂ ಮುಗಿದಿಲ್ಲ.

ನಿಮ್ಮ ಊರಲ್ಲೂ ಇಂಥವರೊಬ್ಬರು ಇದ್ದಾರು. ಹೋಗಿ ಕೇಳಿ, ಬರೆದಿಟ್ಟುಕೊಳ್ಳಿ. ರೀಮಿಕ್ಸ್ ಯಾರು ಬೇಕಾದರೂ ಮಾಡಲಿ, ನುಡಿಸಿದವನ ಹೆಸರು ಮಾತ್ರ ಅಳಿಸದಿರಲಿ.