ಗಬ್ಬರ್ ಬೆಟ್ಟದ ಕೆಳಗೆ ಡಬ್ಬಿ ಬೇಟೆ!

ರಾಮನಗರ ಅಂದ ಕೂಡಲೇ ನಿಮ್ಮ ಕಣ್ಮುಂದೆ ಬರೋದು ಯಾರು? ಗಬ್ಬರ್ ಸಿಂಗ್ ತಾನೇ! 1975ರಲ್ಲಿ ತೆರೆಕಂಡ 'ಶೋಲೆ'ಯ ಬಂಡೆಗಳನ್ನು ನೋಡೋಕೆ ಇವತ್ತಿಗೂ ಅಭಿಮಾನಿಗಳು ಬರ್ತಾರೆ. ರಾಮದೇವರ ಬೆಟ್ಟ ಕಾಣುವ ಹಳ್ಳಿಯೇ ನಮ್ಮೂರು. ಆದರೆ ಹೋದ ಏಪ್ರಿಲ್‌ನಲ್ಲಿ ನಾವು ಹುಡುಕಿಕೊಂಡು ಹೊರಟಿದ್ದು ಗಬ್ಬರನನ್ನಲ್ಲ ಸ್ವಾಮಿ, ಒಂದು ಡಬ್ಬಿಯನ್ನು!

ಇಂಗ್ಲೆಂಡಿನಲ್ಲಿರುವ ಅಕ್ಕ, ಭಾವ ಒಂಬತ್ತು ವರ್ಷದ ಮಗನ ಜೊತೆ ರಜೆಗೆ ಬಂದಿದ್ದರು. ಹುಡುಗನಿಗೆ ಜಿಯೋಕ್ಯಾಚಿಂಗ್ ಹುಚ್ಚು. ಯಾರೋ ಬಚ್ಚಿಟ್ಟ ಡಬ್ಬಿಯ ಅಕ್ಷಾಂಶ, ರೇಖಾಂಶಗಳನ್ನು ಫೋನಿಗೆ ಹಾಕಿ, ನಡೆದುಹೋಗಿ ಹುಡುಕೋ ಆಟ. ಜನಸಾಮಾನ್ಯರ ಜಿಪಿಎಸ್‌ಗೆ ಬೇಕೆಂದೇ ಬೆರೆಸುತ್ತಿದ್ದ ತಪ್ಪನ್ನು ಅಮೆರಿಕ ಸರ್ಕಾರ 2000ದ ಮೇ ಆರಂಭದಲ್ಲಿ ನಿಲ್ಲಿಸಿತು. ಮೇ 3ರಂದೇ ಆರಿಗಾನ್‌ನಲ್ಲಿ ಡೇವ್ ಅಲ್ಮರ್ ಎಂಬಾತ ಬಕೆಟ್ಟೊಂದನ್ನು ಬಚ್ಚಿಟ್ಟ. ಆಟ ಶುರುವಾದದ್ದು ಹಾಗೆ. ಮುಖ್ಯ ನಿಯಮ ಎರಡು: ಪುಸ್ತಕದಲ್ಲಿ ಸಹಿ ಹಾಕು, ಏನಾದರೂ ತಗೊಂಡರೆ ಅಷ್ಟೇ ಬೆಲೆಯದ್ದು ಇಡು.

ಬೆಟ್ಟ 2012ರಿಂದ ರಣಹದ್ದುಗಳ ಧಾಮ. ಅಲ್ಲಿ ಈ ಆಟ ಬೇಡ ಅಂತ ಭಾವ ಹಿಂದಿನ ಸಂಜೆಯೇ ನಮ್ಮ ಹೊಲದ ಬದುವಿನಲ್ಲಿ ಟಿಫನ್ ಡಬ್ಬಿ ಬಚ್ಚಿಟ್ಟಿದ್ದರು.

ಬೆಳಿಗ್ಗೆ ಏಳಕ್ಕೆ ಸವಾರಿ ಹೊರಟಿತು. ಅಮ್ಮನೂ ಸೆರಗು ಬಿಗಿದು ಬಂದಳು. ಫೋನಿನ ಬಾಣ ಪಕ್ಕದವರ ಹಿಪ್ಪುನೇರಳೆ ತೋಟದ ನಟ್ಟನಡುವೆ ತೋರಿಸ್ತು!

"ಫುಟ್‌ಪಾತ್ ಬೋರ್ಡ್ ಎಲ್ಲಿ ಮಾಮ?"

ಅಲ್ಲಿ ಹೊಲಗಳ ನಡುವೆ ಸಾರ್ವಜನಿಕ ಕಾಲುದಾರಿ ಇರುತ್ತಂತೆ, ಬೋರ್ಡೂ ಇರುತ್ತಂತೆ. ನಮ್ಮಲ್ಲಿ ಕಾಲೇ ಬೋರ್ಡು! ರೇಷ್ಮೆಹುಳುವಿನ ಸೊಪ್ಪು ತುಳಿಯದಂತೆ ತೋಟ ಬಳಸಿ, ಹುಣಸೆಮರದ ಹಿಂದಿನ ಓಣಿ ಹಿಡಿಸಿದೆ. ಬದು ಬಂತು. ಅಲ್ಲಿಂದ ಮುಂದೆ ಫೋನು ಕೈಕೊಡ್ತು. ಅದರ ಲೆಕ್ಕ ಕೆಲವು ಮೀಟರ್ ಆಚೀಚೆ. ಹಾವಿದ್ದೀತು ಅಂತ ಕೋಲಿನಿಂದ ತಟ್ಟಿ ತಟ್ಟಿ ನೋಡಿದೆವು. ಕೊನೆಗೆ ಕತ್ತಾಳೆ ಬುಡದ ಕಲ್ಲುಸಂದಿಯಲ್ಲಿ ಸಿಕ್ತು! ಹುಡುಗನ ಕೂಗು ಬೆಟ್ಟಕ್ಕೇ ಕೇಳಿಸಿರಬೇಕು.

ಎಲ್ಲರೂ ಸಹಿ ಹಾಕಿದೆವು. ಹುಡುಗ ತನ್ನ ಆಟಿಕೆ ಕಾರನ್ನು ಒಳಗಿಟ್ಟ. ನಾನು ಮೊದಲ ಪುಟದಲ್ಲಿ ನಿಯಮಗಳನ್ನು ಕನ್ನಡದಲ್ಲಿ ಬರೆದೆ. ಆಗ ಅವನ ಮುಖ ಬಾಡಿತು.

"ನಾವು ಹೋದ್ಮೇಲೆ ಇದನ್ನ ಯಾರು ನೋಡ್ಕೋತಾರೆ?"

"ನಿನ್ನ ಮಾಮ ಇಲ್ಲೇ ಇರ್ತಾನಲ್ಲೋ," ಅಂದಳು ಅಕ್ಕ.

ಓದುಗ ಮಿತ್ರರೇ, ಪಿಯುಸಿ ಅರ್ಧಕ್ಕೆ ಬಿಟ್ಟ ದಿನದಿಂದ 'ಇವನು ಇಲ್ಲೇ ಇದ್ದಾನೆ' ಅನ್ನೋದು ನನಗೆ ಚುಚ್ಚುಮಾತು. ಮದುವೆಮನೆಯಲ್ಲೂ ಅದೇ, ತಿಥಿಮನೆಯಲ್ಲೂ ಅದೇ. ಅವತ್ತು ಮೊದಲ ಸಲ ಅದು ಒಂದು ಉದ್ಯೋಗದ ಹೆಸರಿನಂತೆ ಕೇಳಿಸಿತು.

ಮಳೆ ಶುರುವಾದ ಮೇಲೆ ಡಬ್ಬಿ ನೋಡಿಬರೋಕೆ ಹೋದೆ. ಕಾರು ಮಾಯ! ಅದರ ಜಾಗದಲ್ಲಿ ಒಂದು ಬುಗುರಿ. ಪುಸ್ತಕದಲ್ಲಿ ಸೊಟ್ಟ ಅಕ್ಷರದ ಹೊಸ ಸಹಿ, ದನ ಕಾಯೋ ಹುಡುಗನದ್ದಿರಬೇಕು: 'ಗಬ್ಬರ್ ಸಿಂಗ್'.

ಫೋಟೋ ತೆಗೆದು ಇಂಗ್ಲೆಂಡಿಗೆ ಕಳಿಸಿದೆ. "ಯಾರು ಮಾಮ ಅವನು?" ಅಂತ ಕ್ಷಣದಲ್ಲೇ ಉತ್ತರ.

"ಮುಂದಿನ ರಜೆಗೆ ಬಾ, ಹುಡುಕೋಣ. ನಾನು ಇಲ್ಲೇ ಇರ್ತೀನಿ," ಅಂತ ಬರೆದೆ.