ಪರೀಕ್ಷಕನ ಹುಬ್ಬು

32 ವರ್ಷಗಳ ಕಾಲ ಮಕ್ಕಳನ್ನು ಪರೀಕ್ಷಿಸಿ, ಅಂಕಗಳನ್ನು ಕೂಡಿ ಕಳೆದು, 2024ರಲ್ಲಿ ನಿವೃತ್ತರಾದ ನಮಗೆ ಪರೀಕ್ಷೆ ಮಾಡುವುದು ಹೇಗೆಂಬುದು ತಿಳಿದದ್ದು ನಿವೃತ್ತಿಗೆ ಒಂದು ವರ್ಷ ಮುಂಚೆ ಎಂದರೆ ವಾಚಕರಿಗೆ ನಗು ಬಂದೀತು. ಬರಲಿ. ಅದನ್ನು ನಮಗೆ ಕಲಿಸಿದವರು ಇಬ್ಬರು: ಒಬ್ಬರು ನಮ್ಮ ಮಗಳ ವಯಸ್ಸಿನ ಶಿಕ್ಷಕಿ, ಇನ್ನೊಬ್ಬಳು ಮಾತೇ ಬಾರದ ಹನ್ನೊಂದು ವರ್ಷದ ಬಾಲಿಕೆ.

ಮೊದಲು ನಮ್ಮದೇ ಒಂದು ಪೂರ್ವವೃತ್ತಾಂತವನ್ನು ಹೇಳಬೇಕಾಗಿದೆ. ನಾವು ಚಿಕ್ಕಂದಿನಲ್ಲಿ ಓದಿದ್ದು ಸಂಸ್ಕೃತ ಪಾಠಶಾಲೆಯಲ್ಲಿ. ಅಲ್ಲಿ ಕಾಗದದ ಪರೀಕ್ಷೆಗಿಂತ ಬಾಯಿಯ ಪರೀಕ್ಷೆಯೇ ಹೆಚ್ಚು. ಪೂರ್ವಕಾಲದ ವಿದ್ವಾಂಸರಲ್ಲಿ ಶಲಾಕಾಪರೀಕ್ಷೆಯೆಂಬುದೊಂದಿದ್ದಿತು. ಓಲೆಯ ಗ್ರಂಥದಲ್ಲಿ ಕಡ್ಡಿಯೊಂದನ್ನು ಚುಚ್ಚಿ, ಅದರ ಮೊನೆ ಯಾವ ಗರಿಯಲ್ಲಿ ನಿಂತಿತೋ ಆ ಗರಿಯ ವಿಷಯವನ್ನು ಶಿಷ್ಯನು ವಿವರಿಸಬೇಕಾಗಿತ್ತು. ನಮ್ಮ ಗುರುಗಳು ಅಷ್ಟು ಕಠಿನರಲ್ಲ. ಎದುರಿಗೆ ಕುಳಿತು ಶಬ್ದರೂಪಗಳನ್ನು ಹೇಳಿಸುವರು. ನಾವು ತಪ್ಪುವುದಕ್ಕೆ ಒಂದು ಕ್ಷಣ ಮುಂಚೆಯೇ ಅವರ ಎಡಹುಬ್ಬು ಮೇಲೇರುವುದು. ಅದನ್ನು ಕಂಡು ನಾವು ವಿಭಕ್ತಿಯನ್ನು ತಿರುಗಿಸುವೆವು, ಹುಬ್ಬು ಇಳಿಯುವುದು. ಹೀಗೆ ಎರಡು ವರ್ಷ ನಾವು ಶಬ್ದಮಂಜರಿಯನ್ನು ಓದಿದ್ದಕ್ಕಿಂತ ಆ ಹುಬ್ಬನ್ನು ಓದಿದ್ದೇ ಹೆಚ್ಚು. ಕಲ್ಲಿನಲ್ಲಿ ಕಡೆದಂತಹ ಮುಖದ ಪರೀಕ್ಷಕರೊಬ್ಬರು ಹೊರಗಿನಿಂದ ಬಂದು 'ಗೋ' ಶಬ್ದವನ್ನು ಹೇಳೆಂದಾಗ, ದ್ವಿತೀಯಾ ಬಹುವಚನದಲ್ಲಿ 'ಗಾಃ' ಎನ್ನಬೇಕಾದಲ್ಲಿ 'ಗಾವಃ' ಎಂದು ಮುಗ್ಗರಿಸಿದೆವು. ಗುರುಗಳಿಗೆ ಆಶ್ಚರ್ಯವಾಯಿತು, ನಮಗೆ ಆಗಲಿಲ್ಲ.

ಇನ್ನು ಬಾಲಿಕೆಯ ವಿಷಯ. ನಾವು ಮುಖ್ಯೋಪಾಧ್ಯಾಯರಾಗಿದ್ದ ಹಳ್ಳಿಯ ಶಾಲೆಯ ಹಾಜರಿಪುಸ್ತಕದಲ್ಲಿ ಅವಳ ಹೆಸರಿದ್ದಿತು. ಹುಟ್ಟುವಾಗಲೇ ಮಿದುಳಿಗೆ ಪೆಟ್ಟಾಗಿ ಕೈಕಾಲುಗಳು ಬಿಗಿದುಕೊಂಡಿದ್ದುವು. ವೈದ್ಯರು ಇದನ್ನು ಸೆರೆಬ್ರಲ್ ಪಾಲ್ಸಿ ಎನ್ನುವರು. ಮಾತಿಲ್ಲ. ಬುದ್ಧಿಯ ಬೆಳವಣಿಗೆಯೂ ಬಹಳ ಹಿಂದೆ ಬಿದ್ದಿದೆಯೆಂದು ಪ್ರಮಾಣಪತ್ರದಲ್ಲಿ ಬರೆದಿದ್ದಿತು. ತಾಯಿ ಹೂ ಕಟ್ಟಿ ಮಾರಿ ಜೀವನ ಮಾಡುವವಳು. ಬಿಡುವಾದ ದಿನ ಮಗಳನ್ನು ಎತ್ತಿಕೊಂಡು ಬಂದು ತರಗತಿಯಲ್ಲಿ ಕುಳ್ಳಿರಿಸುವಳು. ಉಳಿದ ದಿನಗಳಲ್ಲಿ ಮನೆಯೇ ಶಾಲೆ. ಇದಕ್ಕೆ ಕಾನೂನಿನ ಒಪ್ಪಿಗೆಯೂ ಉಂಟು. ಶಿಕ್ಷಣದ ಹಕ್ಕಿನ ಕಾನೂನಿಗೆ 2012ರಲ್ಲಿ ಆದ ತಿದ್ದುಪಡಿಯಂತೆ, ತೀವ್ರವಾದ ಅಥವಾ ಒಂದಕ್ಕಿಂತ ಹೆಚ್ಚು ವೈಕಲ್ಯಗಳುಳ್ಳ ಮಕ್ಕಳು ಮನೆಯಲ್ಲಿಯೇ ಶಿಕ್ಷಣವನ್ನು ಪಡೆಯಬಹುದು. 2016ರ ವಿಕಲಚೇತನರ ಹಕ್ಕುಗಳ ಕಾನೂನು ತನ್ನ 17ನೆಯ ಪ್ರಕರಣದಲ್ಲಿ, ಪಠ್ಯವನ್ನೂ ಪರೀಕ್ಷೆಯನ್ನೂ ಅಂತಹ ಮಕ್ಕಳಿಗೆ ಹೊಂದುವಂತೆ ಮಾರ್ಪಡಿಸತಕ್ಕದ್ದೆಂದು ವಿಧಿಸಿದೆ. ಹೆಚ್ಚು ಕಾಲ ಕೊಡುವುದು, ಬರೆಯುವ ಸಹಾಯಕರನ್ನು ಕೊಡುವುದು, ಎರಡನೆಯ ಮೂರನೆಯ ಭಾಷೆಗಳಿಂದ ವಿನಾಯಿತಿ ಕೊಡುವುದು, ಇವೆಲ್ಲವೂ ನಮಗೆ ತಿಳಿದಿದ್ದುವು. ಆದರೆ ಇವು ಉತ್ತರವನ್ನು ಬಲ್ಲ ಮಗುವಿಗೆ ಆಗತಕ್ಕವು. ಪ್ರಶ್ನೆಯೇ ಅರ್ಥವಾಯಿತೋ ಇಲ್ಲವೋ ತಿಳಿಯದ ಮಗುವಿನ ಪಕ್ಕದಲ್ಲಿ ಬರಹಗಾರನನ್ನು ಕುಳ್ಳಿರಿಸಿ ಏನು ಪ್ರಯೋಜನ?

ಅಂಥವರಿಗಾಗಿ ಬೇರೆ ಬಗೆಯ ಪರೀಕ್ಷೆಗಳಿವೆ. ಮದರಾಸಿನಲ್ಲಿ ಸಿದ್ಧವಾದ ಒಂದು ಪಟ್ಟಿಯಲ್ಲಿ ನಡೆಯುವುದು, ಉಣ್ಣುವುದು, ಉಡುವುದು, ಪರರ ಮಾತನ್ನು ಗ್ರಹಿಸುವುದು, ಹಣದ ಅರಿವು ಮೊದಲಾದ 18 ವಿಭಾಗಗಳೂ, ವಿಭಾಗಕ್ಕೆ 20ರಂತೆ 360 ಅಂಶಗಳೂ ಇವೆ. ಸಿಕಂದರಾಬಾದಿನಲ್ಲಿ 1984ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಸಂಸ್ಥೆಯವರ ಪಟ್ಟಿ ಮೆಟ್ಟಿಲು ಮೆಟ್ಟಿಲಾಗಿರುವುದು. ಒಂದು ಮೆಟ್ಟಿಲಿನಲ್ಲಿ ನೂರಕ್ಕೆ 80ರಷ್ಟನ್ನು ಸಾಧಿಸಿದ ಮಗು ಮೇಲಿನದಕ್ಕೆ ಏರುವುದು. ಇಲ್ಲಿ ಮಗುವನ್ನು ನೆರೆಮನೆಯ ಮಗುವಿನೊಡನೆ ಹೋಲಿಸುವುದಿಲ್ಲ, ಹೋದ ವರ್ಷದ ಅದೇ ಮಗುವಿನೊಡನೆ ಹೋಲಿಸುವರು. ಅಮೆರಿಕದಲ್ಲಿ 1997ರ ಕಾನೂನೊಂದು, ಸಾಮಾನ್ಯ ಪರೀಕ್ಷೆಗೆ ಕುಳಿತುಕೊಳ್ಳಲಾರದ ಮಕ್ಕಳಿಗೆ ಪರ್ಯಾಯ ಪರೀಕ್ಷೆಯನ್ನು ಏರ್ಪಡಿಸಬೇಕೆಂದು ಎಲ್ಲ ಸಂಸ್ಥಾನಗಳಿಗೂ ಕಟ್ಟುಮಾಡಿತು. 2015ರ ಕಾನೂನು ಅದಕ್ಕೊಂದು ಮಿತಿಯನ್ನೂ ಹಾಕಿತು: ಒಂದು ಸಂಸ್ಥಾನದಲ್ಲಿ ಒಂದು ವಿಷಯದ ಪರೀಕ್ಷೆ ಕೊಡುವ ಒಟ್ಟು ಮಕ್ಕಳಲ್ಲಿ ನೂರಕ್ಕೆ 1ಕ್ಕಿಂತ ಹೆಚ್ಚು ಮಂದಿಯನ್ನು ಪರ್ಯಾಯ ಪರೀಕ್ಷೆಗೆ ಸೇರಿಸಕೂಡದು. ಕಷ್ಟದ ಮಕ್ಕಳನ್ನು ಸುಲಭದ ಪರೀಕ್ಷೆಯ ಕಡೆಗೆ ತಳ್ಳಿ ಕೈತೊಳೆದುಕೊಳ್ಳುವ ಉಪಾಧ್ಯಾಯರು ಎಲ್ಲ ದೇಶಗಳಲ್ಲಿಯೂ ಇರುವರೆಂದು ಇದರಿಂದ ಊಹಿಸಬಹುದು.

ನಾವಾದರೋ ಆ ಸುಲಭದ ಪರೀಕ್ಷೆಯನ್ನೂ ಮಾಡಲಿಲ್ಲ. 2022ನೆಯ ಏಪ್ರಿಲ್‌ನಲ್ಲಿ, ಬೇಸಗೆ ರಜೆಯ ಹಿಂದಿನ ದಿನ, ಆ ಬಾಲಿಕೆಯ ಪಟ್ಟಿಯ ಹಾಳೆಗಳು ನಮ್ಮ ಮೇಜಿನ ಮೇಲೆ ಖಾಲಿಯಾಗಿ ಬಿದ್ದಿದ್ದುವು. ಸಂಜೆಯೊಳಗೆ ಕಳುಹಿಸಬೇಕು. ಮಗು ಎದುರಿಗಿಲ್ಲ. 'ಪಾಪ, ಏನೂ ಬಾರದು ಎಂದು ಬರೆಯುವುದು ಹೇಗೆ?' ಎಂದು ಮನಸ್ಸು ಕರಗಿತು. ಇನ್ನೂ ಹತ್ತು ಕಾಗದಗಳಿಗೆ ರುಜು ಹಾಕಬೇಕಾಗಿದ್ದುದರಿಂದ ಕೈಯೂ ಅವಸರಪಟ್ಟಿತು. ಕರುಣೆ ಎಷ್ಟು, ಅವಸರ ಎಷ್ಟು ಎಂಬುದನ್ನು ಈಗ ಬೇರ್ಪಡಿಸಲಾರೆವು. ಲೋಟ, ಬಾಚಣಿಗೆ, ಹೂ, ಬಾಳೆಯ ಹಣ್ಣು, ತಟ್ಟೆ ಮೊದಲಾದ ಹತ್ತು ಪದಾರ್ಥಗಳ ಎದುರಿಗೆ 'ಹೆಸರು ಹೇಳಿದರೆ ಗುರುತಿಸುತ್ತಾಳೆ' ಎಂದು ನಮ್ಮ ದುಂಡು ಅಕ್ಷರದಲ್ಲಿ ಬರೆದೆವು.

ಮರುವರ್ಷ ಜೂನ್‌ನಲ್ಲಿ ತಾಲ್ಲೂಕಿನ ಸಂಪನ್ಮೂಲ ಕೇಂದ್ರಕ್ಕೆ ಹೊಸದಾಗಿ ಬಂದ ಶಿಕ್ಷಕಿಯೊಬ್ಬರು ಬಟ್ಟೆಯ ಚೀಲವೊಂದನ್ನು ಹೆಗಲಿಗೆ ಹಾಕಿಕೊಂಡು ನಮ್ಮ ಶಾಲೆಗೆ ಬಂದರು. ಚೀಲದಲ್ಲಿ ನಿಜವಾದ ಲೋಟ, ನಿಜವಾದ ಬಾಚಣಿಗೆ. "ಸಾರ್, ನೀವೇ ಕೇಳಿ, ನಾನು ಬರೆದುಕೊಳ್ಳುತ್ತೇನೆ. ನಿಮ್ಮ ಪರಿಚಯ ಅವಳಿಗಿದೆ" ಎಂದರು. ನಾವಿಬ್ಬರೂ ಅವಳ ಮನೆಗೆ ಹೋದೆವು. ಎರಡು ಪದಾರ್ಥಗಳನ್ನು ಎಡಬಲಗಳಲ್ಲಿಟ್ಟು 'ಲೋಟ ಯಾವುದು?' ಎಂದು ಕೇಳುವುದು, ಬಳಿಕ ಸುಮ್ಮನಿರುವುದು. ಈ ಸುಮ್ಮನಿರುವುದೇ ನಮಗೆ ಮಹಾಕಷ್ಟವಾಯಿತು. ತರಗತಿಯಲ್ಲಿ ಪ್ರಶ್ನೆ ಕೇಳಿ ಮೂರು ಎಣಿಸುವುದರೊಳಗೆ 'ಮುಂದಿನವನು!' ಎಂದು ಗದರಿಸಿ ರೂಢಿ. ಆ ಬಾಲಿಕೆಯ ಕೈ ತೊಡೆಯಿಂದ ಎದ್ದು, ನಡುಗಿ, ಬೇರೆ ಕಡೆಗೆ ಹೋಗಿ, ತಿರುಗಿ ಬಂದು ಒಂದು ಪದಾರ್ಥದ ಮೇಲೆ ಬೀಳುವುದಕ್ಕೆ ಅರ್ಧ ನಿಮಿಷ ಬೇಕಾಗುತ್ತಿದ್ದಿತು. ಕಾದೆವು. ಹತ್ತರಲ್ಲಿ ಒಂಬತ್ತು ಸರಿ! ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಮ್ಮ ಹಳೆಯ ಬರಹ ಸುಳ್ಳಾಗಲಿಲ್ಲವೆಂದು ನಮಗೂ ಒಳಗೊಳಗೇ ಸಮಾಧಾನವಾಯಿತು.

ಶಿಕ್ಷಕಿ ಮಾತ್ರ ಏನನ್ನೂ ಬರೆಯಲಿಲ್ಲ. "ಸಾರ್, ಇನ್ನೊಂದು ಸಲ ಕೇಳೋಣ. ಈ ಸಲ ನೀವು ಕಣ್ಣು ಮುಚ್ಚಿಕೊಂಡು ಕೇಳಿ" ಎಂದರು. ಹತ್ತರಲ್ಲಿ ಐದು. ಎರಡೇ ಪದಾರ್ಥಗಳಿರುವಾಗ ಐದೆಂದರೆ ನಾಣ್ಯ ಚಿಮ್ಮಿದಂತೆ. ಮೊದಲ ಸಲ ಅವಳು ಓದಿದ್ದು ಲೋಟವನ್ನಲ್ಲ, ನಮ್ಮ ಮುಖವನ್ನು. ಸರಿಯಾದ ಪದಾರ್ಥದ ಕಡೆಗೆ ನಮ್ಮ ದೃಷ್ಟಿ ಹರಿಯುತ್ತಿದ್ದಿತು. ಕೈ ಹತ್ತಿರ ಬಂದಾಗ ಹುಬ್ಬೂ ಏರುತ್ತಿದ್ದಿತಂತೆ. ಐವತ್ತು ವರ್ಷಗಳ ಹಿಂದಿನ ಆ ಎಡಹುಬ್ಬು ಈಗ ನಮ್ಮ ಮುಖದ ಮೇಲೆಯೇ ಬಂದು ಕುಳಿತಿರುವುದನ್ನು ಕೇಳಿ ನಾವು ತಲೆತಗ್ಗಿಸಿದೆವು. ಪಂಚತಂತ್ರದ ಪೀಠಿಕೆಯಲ್ಲಿ ವಿಷ್ಣುಶರ್ಮನು ಅಮರಶಕ್ತಿ ರಾಜನ ಮೂವರು ಮಂದಮತಿಗಳಾದ ಮಕ್ಕಳನ್ನು ಆರು ತಿಂಗಳಲ್ಲಿ ನೀತಿಶಾಸ್ತ್ರಜ್ಞರನ್ನಾಗಿ ಮಾಡಿದನೆಂದು ಹೇಳಿದೆ. ಆ ಕಥೆಯನ್ನು ಎಷ್ಟೋ ಸಲ ಪಾಠ ಹೇಳಿದ ನಮಗೆ, ಆರು ತಿಂಗಳ ಕೊನೆಯಲ್ಲಿ ಅವರನ್ನು ಪರೀಕ್ಷಿಸಿದವರು ಯಾರೆಂಬ ಸಂದೇಹ ಆ ದಿನದ ವರೆಗೆ ಹುಟ್ಟಿರಲಿಲ್ಲ.

ಅಷ್ಟರಲ್ಲಿ ಶಿಕ್ಷಕಿ ಚೀಲದಿಂದ ಹಿಂದಿನ ವರ್ಷದ ಹಾಳೆಯನ್ನು ತೆಗೆದರು. "ಇದರಲ್ಲಿ ಗುರುತಿಸುತ್ತಾಳೆ ಎಂದಿರುವುದರಿಂದ ಈ ಹತ್ತನ್ನೂ ಬಿಟ್ಟು ಮುಂದಿನದನ್ನು ಕಲಿಸುವಂತೆ ಯೋಜನೆ ಮಾಡಿದ್ದಾರೆ, ಸಾರ್. ಒಂದು ವರ್ಷ ಇವನ್ನು ಯಾರೂ ಕಲಿಸಿಲ್ಲ" ಎಂದರು. ಅಕ್ಷರ ಯಾರದೆಂದು ಕೇಳಲಿಲ್ಲ. ಕೇಳಬೇಕಾಗಿರಲಿಲ್ಲ.

ಆಗ ತಾಯಿ ಮೆಲ್ಲನೆ ಬಾಯಿಬಿಟ್ಟಳು. ಹಿಂದಿನ ಚಳಿಗಾಲದಲ್ಲಿ ಅವಳಿಗೆ ಶಸ್ತ್ರಚಿಕಿತ್ಸೆಯಾಗಿ ಮೂರು ದಿನ ಆಸ್ಪತ್ರೆಯಲ್ಲಿರಬೇಕಾಯಿತಂತೆ. ಮಗಳನ್ನು ತಂಗಿಯ ಮನೆಯಲ್ಲಿ ಬಿಟ್ಟಳು. "ಲೋಟ ಗೊತ್ತಾಯ್ತದೆ ಅಂತ ಮೇಷ್ಟ್ರೇ ಬರ್ದವ್ರೆ, ಲೋಟ ಮುಂದೆ ಮಡಗು, ನೀರು ಬೇಕಾದ್ರೆ ಕೈ ತೋರ್ತಾಳೆ ಅಂತ ನಮ್ಮ ತಂಗಿಗೆ ಹೇಳ್ಬುಟ್ಟು ಹೋದೆ. ಅವಳು ಮಡಗಿದ್ಲು. ಇವಳು ಕೈ ಎತ್ಲಿಲ್ಲ. ಬ್ಯಾಡ ಅಂದ್ಕೊಂಡ್ಲು. ನಾನು ಬರೋವಷ್ಟ್ರಲ್ಲಿ ಮಗೀನ ತುಟಿಯೆಲ್ಲ ಒಡ್ದು ರಕ್ತ ಬಂದಿತ್ತು ಮೇಷ್ಟ್ರೇ." ಇದನ್ನು ಅವಳು ದೂರಾಗಿ ಹೇಳಲಿಲ್ಲ, ತಂಗಿಯ ತಪ್ಪನ್ನು ಹೇಳುವಂತೆ ಹೇಳಿದಳು. ಅನಂತರ, "ಈ ಸಲಾನೂ ಗೊತ್ತಾಯ್ತದೆ ಅಂತ್ಲೇ ಬರ್ಕೊಳ್ಳಿ, ಇಲ್ದಿದ್ರೆ ಶಾಲೆಯಿಂದ ಹೆಸರು ತೆಗೆದ್ಬುಡ್ತಾರೆ" ಎಂದು ಕೈಮುಗಿದಳು. ಹೆಸರನ್ನು ಯಾರೂ ತೆಗೆಯಲಾರರು, ಅದು ಮಗುವಿನ ಹಕ್ಕು ಎಂದು ತಿಳಿಯಹೇಳಿದೆವು. ತುಟಿಯ ವಿಷಯಕ್ಕೆ ಮಾತ್ರ ನಮ್ಮಲ್ಲಿ ಉತ್ತರವಿರಲಿಲ್ಲ.

ಹಾಗಾದರೆ ಮಗುವಿಗೆ ಏನೂ ತಿಳಿಯದೆ? ಶಿಕ್ಷಕಿ ತಾಯಿಯನ್ನೇ ಕೇಳಿದರು: "ನಿಮಗೆ ಹೇಗೆ ತಿಳಿಯುತ್ತದಮ್ಮ, ಅವಳಿಗೆ ನೀರು ಬೇಕೆಂದು?" ತಾಯಿ, "ನೋಡ್ತಾಳಲ್ಲ" ಎಂದಳು. "ಕೈ ಅವಳ ಮಾತು ಕೇಳಾಕಿಲ್ಲ. ಕಣ್ಣು ಕೇಳ್ತದೆ." ನಾವು ಇಷ್ಟು ಹೊತ್ತೂ ಕೈಯನ್ನು ಪರೀಕ್ಷಿಸುತ್ತಿದ್ದೆವು!

ಮುಂದಿನ ವಾರ ಶಿಕ್ಷಕಿ ಮರದ ಚೌಕಟ್ಟಿಗೆ ಪಾರದರ್ಶಕವಾದ ಪ್ಲಾಸ್ಟಿಕ್ ಹಾಳೆಯನ್ನು ಬಿಗಿದು ತಂದರು. ಅದರ ನಾಲ್ಕು ಮೂಲೆಗಳಲ್ಲಿ ನಾಲ್ಕು ಚಿತ್ರಗಳು. ಚಿತ್ರದ ಮುಖ ಮಗುವಿನ ಕಡೆಗೆ, ಬೆನ್ನು ಕೇಳುವವರ ಕಡೆಗೆ. ಕೇಳುವವರು ಎದುರಿಗೆ ಕುಳಿತು ಹಾಳೆಯ ಮೂಲಕ ಮಗುವಿನ ದೃಷ್ಟಿ ಯಾವ ಮೂಲೆಗೆ ಹೋಗಿ ನಿಂತಿತೆಂಬುದನ್ನು ಹೇಳುವರು. ಅಲ್ಲಿರುವುದು ಲೋಟವೋ ಹೂವೋ ಅವರಿಗೆ ತಿಳಿಯದು. ಆದುದರಿಂದ ಅವರ ಹುಬ್ಬು ಎಷ್ಟು ಕುಣಿದರೂ ಬಾಧೆಯಿಲ್ಲ. ಚಿತ್ರಗಳನ್ನು ಪ್ರತಿ ಸಲವೂ ಸ್ಥಳ ಬದಲಾಯಿಸಿ ಅಂಟಿಸುವ ಕೆಲಸ ನಮ್ಮದಾಯಿತು. ಅಂಟಿಸಿದ ಕೂಡಲೇ ಮಗುವಿನ ಬೆನ್ನ ಹಿಂದೆ ಹೋಗಿ ಕುಳಿತುಕೊಳ್ಳಬೇಕು. ಶಾಲೆಯ ಮುಖ್ಯೋಪಾಧ್ಯಾಯರು ಚಾಪೆಯ ಮೇಲೆ ಬೆನ್ನ ಹಿಂದೆ ಅವಿತುಕೊಳ್ಳುವುದನ್ನು ಕಂಡು ಕಿಟಕಿಯಲ್ಲಿ ನೆರೆದ ಹುಡುಗರು ಕಿಸಕ್ಕನೆ ನಕ್ಕರು.

12 ಪ್ರಶ್ನೆಗಳು. ನಾಲ್ಕು ಮೂಲೆಗಳಿರುವುದರಿಂದ ಊಹೆಯಿಂದ 3 ಸರಿಯಾಗಬಹುದು. ಬಂದದ್ದು 7. ಲೋಟ ಕೇಳಿದ ಮೂರು ಸಲವೂ ಸರಿ, ಹೂ ಮೂರು ಸಲವೂ ಸರಿ, ಬಾಳೆಯ ಹಣ್ಣು ಒಂದು ಸಲ. ಬಾಚಣಿಗೆ ಒಂದು ಸಲವೂ ಇಲ್ಲ. ಅದು ಯಾವ ಮೂಲೆಯಲ್ಲಿದ್ದರೂ ಅವಳ ದೃಷ್ಟಿ ಅದಕ್ಕೆ ಎದುರಾದ ಮೂಲೆಗೆ ಓಡುವುದು. "ಬಾಚಣಿಗೆ ತಿಳಿಯದು ಎಂದು ಬರೆಯೋಣವೇ?" ಎಂದೆವು. ತಾಯಿ ನಕ್ಕುಬಿಟ್ಟಳು. "ತಲೆ ಬಾಚೋದು ಅಂದ್ರೆ ಅವಳಿಗಾಗಾಕಿಲ್ಲ ಮೇಷ್ಟ್ರೇ! ಸಿಕ್ಕು ಬಿಡಿಸ್ತೀನಲ್ಲ, ಅದಕ್ಕೇ ಮಖ ತಿರುಗುಸ್ತಾಳೆ."

ಪಟ್ಟಿಯಲ್ಲಿ 'ತಾನಾಗಿ', 'ಮಾತಿನ ಸೂಚನೆಯಿಂದ', 'ಕೈಹಿಡಿದರೆ', 'ಇಲ್ಲ' ಎಂಬ ಅಂಕಣಗಳಿದ್ದುವೇ ಹೊರತು, 'ಬಲ್ಲಳು, ಆದರೆ ಒಲ್ಲಳು' ಎಂಬುದಕ್ಕೆ ಅಂಕಣವಿರಲಿಲ್ಲ. ನಾವೂ ಶಿಕ್ಷಕಿಯೂ ಬಹಳ ಹೊತ್ತು ಚರ್ಚಿಸಿದೆವು. ಬಲ್ಲಳೆಂದು ನಮಗೆ ಅನಿಸಿತು. ಆದರೆ ಅನಿಸಿದ್ದನ್ನು ಬರೆದುದರ ಫಲವನ್ನು ಆಗಲೇ ಉಂಡಿದ್ದೆವು. ಕೊನೆಗೆ 'ಇಲ್ಲ' ಎಂದು ಗುರುತು ಹಾಕಿ, ಪಕ್ಕದ ಅಂಚಿನಲ್ಲಿ 'ಮೂರು ಸಲವೂ ಎದುರು ಮೂಲೆಗೆ ನೋಡಿದಳು. ಬಾಚಣಿಗೆ ಅವಳಿಗೆ ಸೇರದೆಂದು ತಾಯಿ ಹೇಳುತ್ತಾಳೆ. ಬೇರೆ ರೀತಿಯಲ್ಲಿ ತಿರುಗಿ ನೋಡಬೇಕು' ಎಂದು ಬರೆದೆವು. ಲೋಟದ ಎದುರಿಗೆ 'ಕಣ್ಣಿನಿಂದ, ತಾನಾಗಿ' ಎಂದು ಬರೆದು, ಕೈಯಿಂದಲ್ಲ ಎಂಬುದರ ಕೆಳಗೆ ಗೆರೆ ಎಳೆದೆವು. ಬಳಿಕ ಹಿಂದಿನ ವರ್ಷದ ಹಾಳೆಯನ್ನು ಕೇಳಿ ಪಡೆದು, ನಮ್ಮ ದುಂಡು ಅಕ್ಷರದ ಹತ್ತು ಸಾಲುಗಳನ್ನೂ ಓದಲು ಬರುವಂತೆ ಒಂದೇ ಗೆರೆಯಿಂದ ಹೊಡೆದು, 'ಮಗುವನ್ನು ನೋಡದೆ ಬರೆದದ್ದು' ಎಂದು ಅಂಚಿನಲ್ಲಿ ಬರೆದು, ತಾರೀಖು ಹಾಕಿ ರುಜು ಮಾಡಿದೆವು. ಶಿಕ್ಷಕಿ ಬೇಡವೆಂದರು. ಒಂದು ವೇಳೆ ಮೇಲಿನವರು ಕೇಳಿದರೆ ಎಂದರು. ಯಾರೂ ಕೇಳಲಿಲ್ಲ.

ಈಗ ನಮಗೆ ಶಾಲೆಯಿಲ್ಲ. ಗುರುವಾರ ಗುರುವಾರ ಮಧ್ಯಾಹ್ನ ಊಟವಾದ ಮೇಲೆ ಆ ಮನೆಗೆ ಹೋಗಿ ಬೆನ್ನ ಹಿಂದೆ ಕುಳಿತುಕೊಳ್ಳುವ ನಮ್ಮ ಉದ್ಯೋಗ ಮಾತ್ರ ಉಳಿದಿದೆ. ತಂಗಿಗೂ ಈಗ ಚೌಕಟ್ಟು ಹಿಡಿಯಲು ಬರುತ್ತದೆ. ತಾಯಿ ಹೂ ಕಟ್ಟುತ್ತಲೇ ನೋಡುವಳು. ಹೋದ ಗುರುವಾರ ಬಾಚಣಿಗೆಯ ಚಿತ್ರವನ್ನು ಬಿಟ್ಟು, ಬಾಲಿಕೆಯ ಮಡಿಲಿನಲ್ಲಿ ಒಂದು ಬಟ್ಟೆಯ ಬೊಂಬೆಯನ್ನಿಟ್ಟು, 'ಬೊಂಬೆಗೆ ತಲೆ ಬಾಚೋಣ, ಬಾಚಣಿಗೆ ಎಲ್ಲಿ?' ಎಂದು ಶಿಕ್ಷಕಿ ಕೇಳಿದರು. ಚಾಪೆಯ ಮೇಲೆ ಎಡಕ್ಕೆ ಬಾಚಣಿಗೆ, ಬಲಕ್ಕೆ ಲೋಟ. ನಾವು ಬೆನ್ನ ಹಿಂದೆ ಉಸಿರು ಬಿಗಿಹಿಡಿದು ಕುಳಿತಿದ್ದೆವು. ಅವಳ ಕಣ್ಣು ನಮಗೆ ಕಾಣುತ್ತಿರಲಿಲ್ಲ. ಬಹಳ ಹೊತ್ತಾದ ಮೇಲೆ ಶಿಕ್ಷಕಿ, "ಎಡಕ್ಕೆ, ಸಾರ್" ಎಂದರು. "ಒಂದು ಸಲ ಆಯಿತು. ಇನ್ನೂ ಒಂಬತ್ತು ಸಲ ಕೇಳಬೇಕು."