ಇಲವಾಲದಲ್ಲಿ ಒಂದು ಆರಾಧನೆ, ಒಂದು ಸಂದರ್ಶನ

ಮೈಸೂರಿನಿಂದ ಹುಣಸೂರಿನ ಮಾರ್ಗವಾಗಿ ಹೊರಟವರಿಗೆ ಹಿನಕಲ್ಲು, ಹೂಟಗಳ್ಳಿ ದಾಟಿದ ಮೇಲೆ, ಸುಮಾರು 15 ಕಿಲೋಮೀಟರಿನ ಆಸುಪಾಸಿನಲ್ಲಿ ದೊರೆಯುವ ಊರು ಇಲವಾಲ. ಕೊಡಗಿನ ಕಡೆಗೆ ಹೋಗುವ ವಾಹನಗಳ ಸದ್ದು ಅಲ್ಲಿ ಹಗಲಿರುಳೂ ನಿಲ್ಲುವುದಿಲ್ಲ. ಹಿಂದೆ ಬ್ರಿಟಿಷ್ ರೆಸಿಡೆಂಟರ ಬಂಗಲೆಯಿದ್ದ ಈ ಊರಿಗೆ ದೇಶದ ಇತಿಹಾಸದಲ್ಲಿಯೂ ಒಂದು ಸ್ಥಾನವುಂಟು. 1957ರ ಸೆಪ್ಟೆಂಬರ್ 21 ಮತ್ತು 22ರಂದು ಇಲ್ಲಿ ಗ್ರಾಮದಾನ ಸಮ್ಮೇಳನ ನಡೆಯಿತು. ವಿನೋಬಾ ಭಾವೆಯವರ ಸಮ್ಮುಖದಲ್ಲಿ ಪ್ರಧಾನಿ ನೆಹರೂ ಅವರೂ ಬೇರೆ ಬೇರೆ ಪಕ್ಷಗಳ ಮುಖಂಡರೂ ಒಂದೆಡೆ ಕುಳಿತು ಭೂಮಿಯ ಪ್ರಶ್ನೆಯನ್ನು ಕುರಿತು ವಿಚಾರ ವಿನಿಮಯ ಮಾಡಿದರು.

ಈಚೆಗೆ ನಾವು ಆ ಊರಿಗೆ ಹೋದದ್ದು ಇತಿಹಾಸವನ್ನು ನೋಡಲೆಂದಲ್ಲ. ನಮಗೆ ಬಹುಕಾಲದಿಂದ ಪರಿಚಿತರಾಗಿದ್ದ ಸದ್ಭಕ್ತರೊಬ್ಬರು ತಮ್ಮ ಎಂಬತ್ತನೆಯ ವಯಸ್ಸಿನಲ್ಲಿ ಲಿಂಗೈಕ್ಯರಾಗಿದ್ದರು. ಅಂದು 11ನೆಯ ದಿನದ ಗಣಾರಾಧನೆ. ಬಾಲಕರಾಗಿದ್ದಾಗ ರಸ್ತೆಯ ಬದಿಯಲ್ಲಿ ನಿಂತು ನೆಹರೂ ಅವರ ಕಾರನ್ನು ಕಂಡದ್ದನ್ನು ಅವರು ನಮಗೆ ಎಷ್ಟೋ ಸಲ ಹೇಳಿದ್ದುಂಟು.

ನಾವು ಮನೆಯನ್ನು ಸೇರಿದಾಗ ಗಂಟೆ ಹತ್ತು. ಅಂಗಳದಲ್ಲಿ ಶಾಮಿಯಾನ, ಹಿತ್ತಲಿನಲ್ಲಿ ಅಡುಗೆಯ ಕೊಪ್ಪರಿಗೆಗಳು, ನಡುಮನೆಯಲ್ಲಿ ಭಜನೆ. ಆ ಗದ್ದಲದ ನಡುವೆ ಮೊಮ್ಮಗಳು ಕೈಯಲ್ಲಿ ಮೊಬೈಲು ಹಿಡಿದು ಕಣ್ತುಂಬಿಕೊಂಡು ನಿಂತಿದ್ದಳು. ಬಿ.ಎಸ್ಸಿ. ಮುಗಿಸಿದ ಹುಡುಗಿ. ಔಷಧ ತಯಾರಿಸುವ ಸಂಸ್ಥೆಯೊಂದರ ಪ್ರಯೋಗಾಲಯದ ಕೆಲಸಕ್ಕೆ ಅರ್ಜಿ ಹಾಕಿದ್ದಳು. ಅಂದೇ ಹನ್ನೊಂದು ಗಂಟೆಗೆ ದೂರವಾಣಿಯಲ್ಲಿ ಸಂದರ್ಶನ. ಆ ದಿನ ಗೊತ್ತಾದದ್ದು ತಾತನವರು ತೀರಿಕೊಳ್ಳುವ ಮೊದಲು. ಬೇರೆ ದಿನ ಕೇಳಿದರೆ ಕೆಲಸವೇ ತಪ್ಪೀತೆಂದು ಅವಳು ಯಾರಿಗೂ ಹೇಳದೆ ಸುಮ್ಮನಿದ್ದಳು.

ವಿಷಯ ತಿಳಿದೊಡನೆ ಹಿರಿಯ ಬಂಧುವೊಬ್ಬರು ಆಕ್ಷೇಪವೆತ್ತಿದರು. "ಸೂತಕದ ಮನೇಲಿ ಕೂತು ಕೆಲಸದ ಮಾತೇ? ಕೈಗೂಡುತ್ತದೆಯೇ? ಅಯ್ಯನವರೇ, ನೀವಾದರೂ ಬುದ್ಧಿ ಹೇಳಿ" ಎಂದರು.

ಬುದ್ಧಿ ಹೇಳಬೇಕಾದದ್ದು ಯಾರಿಗೆಂದು ನಾವು ಒಂದು ಕ್ಷಣ ಯೋಚಿಸಿದೆವು. ಜನನ, ಮರಣ, ಜಾತಿ, ರಜಸ್ಸು, ಎಂಜಲು ಎಂಬ ಐದು ಸೂತಕಗಳನ್ನೂ ಲಿಂಗವಂತರಿಗೆ ಇಲ್ಲವೆಂದು 12ನೆಯ ಶತಮಾನದಲ್ಲಿಯೇ ಶರಣರು ತಳ್ಳಿಹಾಕಿದರು. ಅಂಗದ ಮೇಲೆ ಇಷ್ಟಲಿಂಗವಿರುವಾಗ ಮೈಲಿಗೆ ಎಲ್ಲಿಂದ ಬಂದೀತು? ಹುಲ್ಲು ಕೊಯ್ದು, ಹಗ್ಗ ಹೊಸೆದು, ಅದರ ಗಳಿಕೆಯಿಂದ ಜಂಗಮ ದಾಸೋಹ ಮಾಡುತ್ತಿದ್ದ ನುಲಿಯ ಚಂದಯ್ಯನ ಪ್ರಸಂಗ ಶೂನ್ಯಸಂಪಾದನೆಯಲ್ಲಿದೆ. ಹುಲ್ಲು ಕೊಯ್ಯುವಾಗ ಕೊರಳಿನ ಲಿಂಗ ಜಾರಿ ಬಿದ್ದರೂ ಆತ ಕಾಯಕವನ್ನು ಬಿಡಲಿಲ್ಲ. ಲಿಂಗಪೂಜೆಗೂ ಮಿಗಿಲಾಗಿ ಕಾಯಕವನ್ನು ಕಂಡ ಪರಂಪರೆಯವರಾದ ನಾವು, ಕಾಯಕವನ್ನು ಅರಸುವ ಮಗುವಿಗೆ ಸೂತಕದ ಭಯವನ್ನು ಹುಟ್ಟಿಸಬಹುದೇ? ಇದನ್ನೇ ಮೆಲ್ಲನೆ ಹೇಳಿದೆವು. ಆಗ ಮೂಲೆಯಲ್ಲಿ ಕುಳಿತಿದ್ದ ಅಜ್ಜಿ ತಲೆಯೆತ್ತಿ, "ಅವರಿದ್ದಿದ್ದರೆ ಮೊದಲು ಹೋಗಿ ಮಾತಾಡು ಅಂತಿದ್ದರು" ಎಂದರು. ಮತ್ತೆ ಯಾರೂ ಮಾತನಾಡಲಿಲ್ಲ.

ಇನ್ನು ಸ್ಥಳದ ಪ್ರಶ್ನೆ. ನಡುಮನೆಯಲ್ಲಿ ಸಿಗ್ನಲ್ ಇಲ್ಲ, ತಾರಸಿಯ ಮೇಲೆ ಊಟದ ಪಂಕ್ತಿಯ ಸಿದ್ಧತೆ, ರಸ್ತೆಯ ಕಡೆ ಲಾರಿಗಳ ಹಾರನ್ನು. ಹುಡುಕಿ ನೋಡಿದಾಗ ಮಾತು ಸ್ಪಷ್ಟವಾಗಿ ಕೇಳಿಸುವ ಜಾಗ ದನದ ಕೊಟ್ಟಿಗೆಯ ಒಂದು ಮೂಲೆ ಮಾತ್ರ! ಅವಳ ತಮ್ಮ ಒಂದು ಸ್ಟೂಲು ತಂದಿಟ್ಟ. ಅಂಕಪಟ್ಟಿಗಳನ್ನೂ ಒಂದು ನೋಟ್ ಪುಸ್ತಕವನ್ನೂ ಮೇವಿನ ಗೋದಲಿಯ ಅಂಚಿನ ಮೇಲೆ ಜೋಡಿಸಿದ್ದಾಯಿತು.

"ಹಿಂದಿನ ಸದ್ದು ಕೇಳಿಸಿದರೆ ಏನು ಹೇಳಲಿ, ಅಯ್ಯನವರೇ? ಹಾಸ್ಟೆಲಿನಲ್ಲಿದ್ದೇನೆ ಅನ್ನಲೇ?" ಎಂದು ಅವಳು ಕೇಳಿದಳು.

"ಬೇಡ ತಾಯಿ. ಇದ್ದದ್ದನ್ನು ಇದ್ದ ಹಾಗೆ ಮೊದಲೇ ಹೇಳಿಬಿಡು. ಪ್ರಶ್ನೆ ಮುಗಿಯುವವರೆಗೆ ತಾಳು, ನಿಧಾನವಾಗಿ ಉತ್ತರಿಸು. ತಿಳಿಯದಿದ್ದರೆ ತಿಳಿಯದೆನ್ನು" ಎಂದೆವು.

ಸರಿಯಾಗಿ ಹನ್ನೊಂದಕ್ಕೆ ಕರೆ ಬಂತು. ನಾವು ಬಾಗಿಲಿನ ಹೊರಗೆ ನಿಂತೆವು. "ನಮ್ಮ ತಾತನವರು ತೀರಿಕೊಂಡಿದ್ದಾರೆ. ಇಂದು ಅವರ ಆರಾಧನೆ. ಮನೆಯಲ್ಲಿ ಜನರಿದ್ದಾರೆ, ಸದ್ದು ಕೇಳಿಸಬಹುದು, ಕ್ಷಮಿಸಬೇಕು" ಎಂದು ಅವಳು ಮೊದಲು ತಿಳಿಸಿದಳು. ಬೇರೆ ದಿನ ಇಟ್ಟುಕೊಳ್ಳೋಣವೇ ಎಂದು ಆ ಕಡೆಯವರು ಕೇಳಿದರಂತೆ. ಬೇಡವೆಂದು ಅವಳೇ ಮುಂದುವರಿಸಿದಳು. ನಡುವೆ ಕರು ಎರಡು ಸಲ ಕೂಗಿತು. ಒಂದು ಪ್ರಶ್ನೆಗೆ, "ಆ ಯಂತ್ರವನ್ನು ನಾನು ಬಳಸಿಲ್ಲ, ಕಲಿಯಬಲ್ಲೆ" ಎಂದದ್ದು ನಮ್ಮ ಕಿವಿಗೂ ಬಿತ್ತು. ಇಪ್ಪತ್ತು ನಿಮಿಷಗಳ ನಂತರ ಹೊರಗೆ ಬಂದವಳ ಮುಖದಲ್ಲಿ ಬೆಳಗಿನ ಅಳುಕು ಇರಲಿಲ್ಲ.

ನಮ್ಮ ವಿದ್ಯಾರ್ಥಿದೆಸೆಯಲ್ಲಿ ಸಂದರ್ಶನವೆಂದರೆ ಒಗೆದ ಬಟ್ಟೆ ಉಟ್ಟು, ಬಸ್ಸು ಹತ್ತಿ, ಊರಿಂದೂರಿಗೆ ಹೋಗುವ ಮಾತಾಗಿತ್ತು. ಅಂದಿನ ಹಳ್ಳಿಗಳಲ್ಲಿ ದೂರವಾಣಿಯೇ ಅಪರೂಪ. 1986ರಲ್ಲಿ ನಮ್ಮ ಕಿತ್ತೂರಿನಲ್ಲಿ ಸ್ವದೇಶಿ ತಂತ್ರಜ್ಞಾನದ ಸಿ-ಡಾಟ್ ಗ್ರಾಮೀಣ ದೂರವಾಣಿ ಕೇಂದ್ರ ಪ್ರಾರಂಭವಾದ ಮೇಲೆ ಅಂಥ ಕೇಂದ್ರಗಳು ಹಳ್ಳಿಹಳ್ಳಿಗೂ ಹಬ್ಬಿದವು. 1995ರ ಜುಲೈ 31ರಂದು ಕಲ್ಕತ್ತೆಯಿಂದ ಜ್ಯೋತಿ ಬಸು ಅವರು ದೆಹಲಿಯಲ್ಲಿದ್ದ ಸುಖರಾಂ ಅವರೊಡನೆ ಮಾತನಾಡಿದ್ದು ದೇಶದ ಮೊದಲ ಮೊಬೈಲು ಕರೆ. ಈಗ ಸಂದರ್ಶನವೇ ಮನೆಗೆ ಬರುತ್ತದೆ. ಮನೆಯಲ್ಲಿ ಮದುವೆಯಿರಲಿ, ಮರಣವಿರಲಿ, ಅದು ಕಾಯುವುದಿಲ್ಲ. ಆದುದರಿಂದ ಆ ಅರ್ಧ ಗಂಟೆಯ ಮೌನವನ್ನು ಒದಗಿಸಿಕೊಡುವುದು ಮನೆಯವರೆಲ್ಲರ ಕರ್ತವ್ಯವಾಗಿದೆ. ಅಂದು ಇಲವಾಲದಲ್ಲಿ ಭಜನೆಯವರು ತಾವಾಗಿಯೇ ತಾಳದ ಸದ್ದನ್ನು ತಗ್ಗಿಸಿದ್ದರು. ಅದನ್ನು ನಾವು ತಾತನವರಿಗೆ ಸಂದ ಆರಾಧನೆಯ ಒಂದು ಭಾಗವೆಂದೇ ಭಾವಿಸಿದೆವು.

ಕೆಲಸ ದೊರೆಯಿತೇ ಎಂದು ಓದುಗರು ಕೇಳಬಹುದು. ಇದನ್ನು ಬರೆಯುವ ಹೊತ್ತಿಗೆ ಉತ್ತರ ಬಂದಿಲ್ಲ. ಅಂದು ಪ್ರಸಾದದ ಪಂಕ್ತಿಯಲ್ಲಿ ಆಕ್ಷೇಪವೆತ್ತಿದ್ದ ಆ ಹಿರಿಯರೇ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಏನೇನು ಕೇಳಿದರು, ಹೇಳು ಮಗ" ಎಂದು ವಿಚಾರಿಸುತ್ತಿದ್ದರು. ನಾವು ಸಂತೋಷದಿಂದ ಮೈಸೂರಿನ ಬಸ್ಸು ಹತ್ತಿದೆವು.